ಮೂರನೇ ಕುರ್ಚಿಯವನ ಕಲ್ಲುಮುಖ

ಇಂದ,
ಮೂರನೇ ಕುರ್ಚಿಯವನು,
ಒತ್ತಡ ಪ್ರಯೋಗದ ಕೊಠಡಿ, ನೆಲಮಾಳಿಗೆ.

ಗೆ,
ನಿರ್ದೇಶಕರು,
ಮನೋದೇಹ ಸಂಶೋಧನಾ ಸಂಸ್ಥೆ, ಮೇಲಂತಸ್ತು.

ವಿಷಯ: ಕರ್ತವ್ಯದಲ್ಲಿ ಗಟ್ಟಿಯಾದ ಮುಖ ಮನೆಯಲ್ಲೂ ಸಡಿಲವಾಗದಿರುವ ಬಗ್ಗೆ.
ಉಲ್ಲೇಖ: ತಾವು ಕಾರಿಡಾರಿನಲ್ಲಿ ನಡೆಯುತ್ತಲೇ ದಯಪಾಲಿಸಿದ ಮೌಖಿಕ ಉತ್ತರ.

ಮಾನ್ಯರೇ,

೧. ಅರ್ಜಿದಾರನು ಮನಶ್ಶಾಸ್ತ್ರದ ಪದವೀಧರ. ಮನಸ್ಸು ಹೆದರಿದರೆ ಮೈ ಏನು ಮಾಡುತ್ತದೆ ಎಂದು ಅಳೆಯುವ ತಮ್ಮ ಪ್ರಯೋಗದಲ್ಲಿ ಹೆದರಿಸುವ ಕೆಲಸ ಅವನದು. ಬಿಳಿ ಕೋಟು ತೊಟ್ಟು, ಮೂವರು ತೀರ್ಪುಗಾರರ ಸಾಲಿನ ಮೂರನೇ ಕುರ್ಚಿಯಲ್ಲಿ ಕೂರಬೇಕು. ಎದುರಿಗೆ ನಿಂತ ಸ್ವಯಂಸೇವಕ ತನ್ನ ಬಗ್ಗೆ ಮಾತಾಡುವಾಗ ತಲೆ ಆಡಿಸಬಾರದು, ಹುಬ್ಬು ಏರಿಸಬಾರದು, ನಗಲೇಬಾರದು. ಅವನು ತಡವರಿಸಿದರೆ, "ಇನ್ನೂ ಸಮಯವಿದೆ, ಮುಂದುವರಿಸಿ" ಎನ್ನಬೇಕು. ಬಳಿಕ ಅವನ ಎಂಜಲನ್ನು ಕೊಳವೆಯಲ್ಲಿ ಹಿಡಿದು, ಅದರಲ್ಲಿ ಏರಿದ ಒತ್ತಡದ ರಾಸಾಯನಿಕದಿಂದ ಭಯವನ್ನು ಅಳೆಯುತ್ತಾರೆ. ಕೊನೆಗೆ ನಿಯಮದಂತೆ ಒಬ್ಬರು ಅವನನ್ನು ಪಕ್ಕದ ಕೋಣೆಗೆ ಕರೆದೊಯ್ದು, ಹಣ್ಣಿನ ರಸ ಕೊಟ್ಟು, "ಅದೆಲ್ಲ ನಾಟಕ ಕಣ್ರೀ, ನಿಮ್ಮ ತಪ್ಪೇನಿಲ್ಲ" ಎನ್ನುತ್ತಾರೆ. ಅರ್ಜಿದಾರನಿಗೆ ರಸ ಕೊಡುವ ನಿಯಮವಿಲ್ಲ.

೨. ಸ್ವಭಾವತಃ ಮಿತಭಾಷಿಯಾದ ಕಾರಣ, ಹಾಗೂ ಆಯ್ಕೆ ಸಮಿತಿಯು "ಅಬ್ಬಾ, ಎಂಥಾ ಕಲ್ಲುಮುಖ!" ಎಂದು ಹರ್ಷಿಸಿದ ಕಾರಣ, ಅವನ ನೇಮಕಾತಿಯಾಯಿತು. ಮೊದಮೊದಲು ಸಂಜೆ ಬಸ್ಸು ಹತ್ತುವಷ್ಟರಲ್ಲಿ ಮುಖ ಸಡಿಲಗೊಳ್ಳುತ್ತಿತ್ತು. ಈಗ ಇಲ್ಲ.

೩. ಕಳೆದ ವಾರ ಅರ್ಜಿದಾರನ ಮಗಳು ಓಡಿಬಂದು, ಹಲ್ಲು ಬಿದ್ದ ಕಥೆ ಹೇಳತೊಡಗಿದಳು. ಅರ್ಜಿದಾರನು ಸಂತೋಷದಿಂದಲೇ ಕೇಳುತ್ತಿದ್ದನು. ಸದರಿ ಸಂತೋಷವು ಮುಖದವರೆಗೆ ತಲುಪಲಿಲ್ಲ. ಹುಡುಗಿ ಅವನ ಮುಖ ನೋಡಿ ತಡವರಿಸಿದಳು. ಅವನ ಬಾಯಿಂದ ತಾನಾಗಿಯೇ ಬಂತು: "ಇನ್ನೂ ಸಮಯವಿದೆ, ಮುಂದುವರಿಸಿ."

ಹೆಂಡತಿ ಅಡುಗೆಮನೆಯಿಂದಲೇ, "ಏನ್ರೀ, ಹೆತ್ತ ಮಗಳಿಗೂ ಇಂಟರ್‌ವ್ಯೂನಾ?" ಎಂದಳು.

ಮಗಳು ಹಲ್ಲನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡು ಕೇಳಿದಳು: "ಅಪ್ಪಾ, ನಾನು ಫೇಲಾ?"

ಉತ್ತರಿಸಲು ಅರ್ಜಿದಾರನಿಗೆ ಸಮಯವಿತ್ತು. ಅವನು ನಗಲು ಯತ್ನಿಸಿದನು; ಮುಖ ಒಪ್ಪಲಿಲ್ಲ. ಆದ್ದರಿಂದ ಅವಳೀಗ ತನ್ನ ಕಥೆಗಳನ್ನೆಲ್ಲ ಅಡುಗೆಮನೆಯ ಬಾಗಿಲು ಹಾಕಿಕೊಂಡು ಅಮ್ಮನಿಗೆ ಹೇಳುತ್ತಾಳೆ.

೪. ಇದನ್ನು ಗಮನಕ್ಕೆ ತಂದಾಗ ತಾವು, "ನೀನು ನಮ್ಮ ಅಳತೆಗೋಲು ಕಣಯ್ಯಾ. ಅಳತೆಗೋಲಿಗೆ ಕಾಯಿಲೆ ಬರುತ್ತೇನಯ್ಯಾ?" ಎಂದು ನಕ್ಕು ಲಿಫ್ಟು ಹತ್ತಿದಿರಿ. ತಮ್ಮ ನಗು ಸುಸ್ಥಿತಿಯಲ್ಲಿರುವುದು ಕಂಡು ಅರ್ಜಿದಾರನಿಗೆ ಸಮಾಧಾನವಾಯಿತು. ಮನಸ್ಸೂ ದೇಹವೂ ಬೇರೆಯಲ್ಲವೆಂದು ಸಾಬೀತುಪಡಿಸಿ ಗೋಡೆ ತುಂಬ ಫಲಕ ನೇತುಹಾಕಿಕೊಂಡಿರುವ ಸಂಸ್ಥೆಯು, ಸಿಬ್ಬಂದಿಯ ಮೈಯೊಳಗೆ ಮನಸ್ಸೇ ಇರುವುದಿಲ್ಲವೆಂದೂ ಕಂಡುಹಿಡಿದಿರುವುದು ಅಭಿನಂದನಾರ್ಹ.

ಆದ್ದರಿಂದ, ಮೇಲ್ಕಂಡ ಕಾರಣಗಳಿಂದ, ಅರ್ಜಿದಾರನನ್ನು ಕುರ್ಚಿಯಿಂದ ಬಿಡುಗಡೆ ಮಾಡಬೇಕು. ಆ ಜಾಗದಲ್ಲಿ ನಿಜವಾದ ಅಳತೆಗೋಲೊಂದನ್ನು ಕೂರಿಸಬಹುದು. ಅದಕ್ಕೆ ಹೆಂಡತಿ ಮಕ್ಕಳಿರುವುದಿಲ್ಲ.

ತಮ್ಮ ವಿಶ್ವಾಸಿ,
(ಸಹಿ)
ಮೂರನೇ ಕುರ್ಚಿಯವನು

ಲಗತ್ತು: ನೇಮಕಾತಿಗೆ ಮುಂಚೆ ಮಗಳನ್ನು ಎತ್ತಿಕೊಂಡು ನಗುತ್ತಿರುವ ಫೋಟೋ. ಬೇರೆ ಪ್ರತಿ ಇಲ್ಲ, ಹಿಂದಿರುಗಿಸುವುದು.

ವಿ.ಸೂ.: ಪ್ರಯೋಗಕ್ಕೆ ಒಳಗಾದ ಪ್ರತಿಯೊಬ್ಬರಿಗೂ ಕೊನೆಯಲ್ಲಿ ನಿಜ ತಿಳಿಸಬೇಕೆಂಬುದು ತಮ್ಮದೇ ನಿಯಮ. ಕಾರಣ, ರಸ ಕೊಡುವವರನ್ನು ಒಮ್ಮೆ ಅರ್ಜಿದಾರನ ಮನೆಗೆ ಕಳುಹಿಸಿಕೊಡಬೇಕು. ಅವರು ಮಗಳ ಎದುರು ಕೂತು, ಹಲ್ಲಿನ ಕಥೆಯನ್ನು ಪೂರ್ತಿ ಕೇಳಿ, "ನೀನು ಫೇಲಾಗಿಲ್ಲ ಪುಟ್ಟಿ, ಅದು ನಿಮ್ಮಪ್ಪನ ಮುಖ ಅಲ್ಲ, ಆಫೀಸಿಂದು" ಎಂದರೆ ಸಾಕು. ಹಣ್ಣಿನ ರಸ ಮನೆಯಲ್ಲೇ ತಂದಿಟ್ಟಿದೆ. ನಗಲು ಬರುವವರನ್ನೇ ಕಳುಹಿಸತಕ್ಕದ್ದು.