ಜ್ವರದ ಸರದಿ ನೋಡಿ ಮಾಡಿದ ಮದುವೆ

ಊರಿಗೆಲ್ಲ ಬರುವ ಕಾಯಿಲೆಯನ್ನು ಕಾಯಿಲೆ ಎನ್ನಲು ಯಾರಿಗೂ ಬಾಯಿ ಬರುವುದಿಲ್ಲ. ನಮ್ಮ ಶಿವಮೊಗ್ಗದಲ್ಲಿ ಆಗ ಚಳಿಜ್ವರ ಹಾಗಿತ್ತು. ಮನೆಯಲ್ಲಿ ಒಬ್ಬರಲ್ಲ ಒಬ್ಬರು ಕಂಬಳಿಯೊಳಗೆ ಗಡಗಡ ನಡುಗುತ್ತಿದ್ದರೆ ಸಂಸಾರ ಸರಿಯಾಗಿ ನಡೆಯುತ್ತಿದೆ ಎಂದೇ ಲೆಕ್ಕ. ದಿನ ಬಿಟ್ಟು ದಿನ, ಮಧ್ಯಾಹ್ನದ ಊಟದ ಹೊತ್ತಿಗೆ ತಪ್ಪದೆ ಬರುತ್ತಿತ್ತು; ನಮ್ಮ ಯಜಮಾನರಿಗೂ ಅಷ್ಟು ಶಿಸ್ತಿರಲಿಲ್ಲ. ಆಸ್ಪತ್ರೆಯವರು ಬಂದು ಮನೆಯಲ್ಲಿ ಯಾರಿಗಾದರೂ ಜ್ವರವೇ ಎಂದು ಕೇಳಿದರೆ, ಇಲ್ಲ, ಮಾಮೂಲಿನದಷ್ಟೇ ಎಂದು ಹೇಳಿ ಕಳಿಸುತ್ತಿದ್ದೆ.

ಮಗಳು ಪದ್ಮಳನ್ನು ನೋಡಲು ಭದ್ರಾವತಿಯಿಂದ ಗಂಡಿನವರು ಬರುವುದನ್ನೂ ಅವಳಿಗೆ ಜ್ವರವಿಲ್ಲದ ದಿನಕ್ಕೇ ಗೊತ್ತು ಮಾಡಿದ್ದೆ. ಹುಡುಗ ಕಾರ್ಖಾನೆಯಲ್ಲಿ ಫಿಟ್ಟರ್. ಹಿಂದೆ ಎರಡು ಸಂಬಂಧ ತಪ್ಪಿಹೋಗಿದ್ದವು. ಇದೂ ತಪ್ಪಿದರೆ ಇನ್ನು ಯಾರ ಮುಂದೆಯೂ ಬಂದು ನಿಲ್ಲುವುದಿಲ್ಲ ಎಂದು ಪದ್ಮ ಹೇಳಿಬಿಟ್ಟಿದ್ದಳು. ಆದರೆ ಬಸ್ಸು ಕೆಟ್ಟಿತೆಂದು ಅವರು ಮಾರನೆಯ ದಿನ ಬಂದರು. ಪದ್ಮ ಕಾಫಿ ತಟ್ಟೆ ಹಿಡಿದು ಬಂದಳು. ಲೋಟಗಳು ಒಂದಕ್ಕೊಂದು ಬಡಿದು ಗಣಗಣ ಎಂದವು. ಹುಡುಗಿಗೆ ನಾಚಿಕೆ ಜಾಸ್ತಿ ಎಂದೆ.

ಗಂಡಿನ ತಾಯಿ ಅವಳನ್ನು ಕೆಳಗಿನಿಂದ ಮೇಲಕ್ಕೆ ನೋಡಿದರು. "ನಾಚಿಕೆಗೆ ಹಲ್ಲು ಕಟಕಟ ಅನ್ನಲ್ಲ ಕಣ್ರೀ. ಇವತ್ತು ಇವಳ ಸರದಿಯಾ?"

ಮುಚ್ಚಿಟ್ಟು ಫಲವಿರಲಿಲ್ಲ. ಹೌದು ಎಂದೆ. ಸಂಬಂಧ ಹೋಯಿತು ಎಂದುಕೊಂಡೆ.

"ಒಳ್ಳೇದೇ ಆಯ್ತು ಬಿಡಿ. ನಮ್ಮೋನದು ನಿನ್ನೆ. ಬಸ್ಸೇನೋ ಚೆನ್ನಾಗೇ ಇತ್ತು, ಇವನೇ ಕೆಟ್ಟಿದ್ದ. ಇಬ್ರದ್ದೂ ಒಂದೇ ದಿನ ಆದ್ರೆ ಗಂಜಿ ಕಾಯ್ಸೋರು ಯಾರು ಮಾರಾಯ್ತಿ? ದೊಡ್ಡ ಮಗನ ಮನೇಲಿ ಅನುಭವಿಸ್ತಾ ಇದೀನಿ."

ಜಾತಕ ಕೂಡಿಸಿದ್ದ ಪುರೋಹಿತರು ಮೂಲೆಯಲ್ಲೇ ಇದ್ದರು. ಇದು ಯಾವ ಶಾಸ್ತ್ರದಲ್ಲಿದೆ ಎಂದು ಅವರು ಕೇಳಬಹುದಿತ್ತು. ಆದರೆ ಅವರ ಸರದಿಯೂ ಅಂದೇ. ಶಾಲು ಬಿಗಿಯಾಗಿ ಹೊದ್ದು, ಬೇಗ ತಾಂಬೂಲ ಬದಲಾಯಿಸಿ ಎಂದಷ್ಟೇ ಹೇಳಿದರು.

ಮದುವೆಯಾಯಿತು. ಒಂದೆರಡು ವರ್ಷ ಒಬ್ಬರು ನಡುಗುವುದು, ಇನ್ನೊಬ್ಬರು ಗಂಜಿ ಕೊಡುವುದು ನಡೆಯಿತು. ಇಬ್ಬರಲ್ಲಿ ಅಷ್ಟು ಅನ್ಯೋನ್ಯತೆ ಮತ್ತೆ ಕಾಣಲಿಲ್ಲ. ಆಮೇಲೆ ಸರ್ಕಾರದವರು ಮನೆಮನೆಗೆ ಡಿಡಿಟಿ ಹೊಡೆದು ಚಳಿಜ್ವರ ಓಡಿಸಿದರು. ಈಗ ಇಬ್ಬರೂ ವಾರವಿಡೀ ಗಟ್ಟಿಮುಟ್ಟು, ವಾರವಿಡೀ ಜಗಳ. ಮೊನ್ನೆ ಪದ್ಮ ಬಂದು, ಸಂಬಂಧ ನೋಡುವಾಗ ಹುಡುಗ ಮುಂಗೋಪಿಯೋ ಏನೋ ಎಂದು ಒಂದು ಮಾತು ವಿಚಾರಿಸಬಾರದಿತ್ತೇ ಎಂದು ಕೇಳಿದಳು.

ನಾನು ವಿಚಾರಿಸಿರಲಿಲ್ಲ. ಜ್ವರ ಯಾವ ದಿನ ಎಂದು ಗೊತ್ತಾದ ಮೇಲೆ, ಗಂಡಸಿನ ವಿಷಯದಲ್ಲಿ ತಿಳಿಯಬೇಕಾದ್ದು ಬೇರೇನೋ ಇದೆ ಎಂದು ನನಗೆ ಹೊಳೆದೇ ಇರಲಿಲ್ಲ.