ಸೊಸೆಯ ಪರೀಕ್ಷೆಗೆ ನಾನು ಹೋದದ್ದು

ಬಂದ ತಕ್ಷಣ ಬಂದ ಕೆಲಸ ಹೇಳುವವರನ್ನು ಕಂಡರೆ ನನಗಾಗುವುದಿಲ್ಲ. ಕೂರಬೇಕು, ನೀರು ಕುಡಿಯಬೇಕು, ಮಳೆ, ಬೆಳೆ, ಮಂಡಿನೋವು ಎಲ್ಲ ಮಾತಾಡಬೇಕು. ಹೊರಡಲು ಎದ್ದು ಚಪ್ಪಲಿ ಮೆಟ್ಟುವಾಗ ‘ಅಂದಂಗೆ’ ಅಂತ ವಿಷಯ ಎತ್ತಬೇಕು. ಶಿಡ್ಲಘಟ್ಟಕ್ಕೆ ಮದುವೆಯಾಗಿ ಬಂದಾಗಿನಿಂದ ಪಕ್ಕದ ಮನೆಯ ಒನಕೆಯನ್ನೂ ನಾನು ಹೀಗೇ ಕೇಳಿ ತಂದದ್ದು. ಎರಡನೇ ಕ್ಲಾಸಿಗೆ ಇಸ್ಕೂಲು ಬಿಟ್ಟವಳಿಗೆ ಇಷ್ಟು ಮರ್ಯಾದೆ ಗೊತ್ತಿರುವುದೇ ಹೆಚ್ಚು.

ನನ್ನ ಸೊಸೆ ಶೋಭಾ ನಮ್ಮ ಬೀದಿಯ ರೇಷ್ಮೆ ನೂಲು ತೆಗೆಯುವ ಫಿಲೇಚರಿನಲ್ಲಿ ಕುದಿನೀರಿಗೆ ಕೈಯಿಟ್ಟು ರೇಷ್ಮೆಗೂಡು ಬಿಚ್ಚುತ್ತಿದ್ದಳು. ಬೆರಳೆಲ್ಲ ಬೆಂದು ಬಿಳಚಿಕೊಂಡು, ಸಾರು ಕಲಸಿದರೆ ಉರಿಯೋ ಉರಿ. ಸಾಕಾಗಿ ಚಿಕ್ಕಬಳ್ಳಾಪುರದ ಒಂದು ಕಮ್ಯುನಿಟಿ ಕಾಲೇಜಿನಲ್ಲಿ ಆಫೀಸು ಕೆಲಸದ ಕೋರ್ಸಿಗೆ ಸೇರಿದಳು. ಟೈಪು, ಫೈಲು, ಫೋನು, ಬಂದವರನ್ನು ವಿಚಾರಿಸುವುದು. ಪಾಸಾದರೆ ನಂದಿ ಕಡೆಯ ತರಕಾರಿ ಗೋದಾಮಿನಲ್ಲಿ ಕುರ್ಚಿ. ಫೇಲಾದರೆ ಮತ್ತೆ ಕುದಿನೀರು.

ಮನೆಯಲ್ಲಿ ಅಭ್ಯಾಸ ಮಾಡಲು ಹೊಲಿಗೆ ಮಿಷನ್ನೇ ಅವಳ ಮೇಜು. ಆಫೀಸಿಗೆ ಬರುವ ಹೊರಗಿನವಳು ನಾನು. ದಿನಕ್ಕೆ ಹತ್ತು ಸಲ ಬಂದು ಬಂದು ನನ್ನ ಕಾಲು ಬಿದ್ದುಹೋಗಿತ್ತು.

‘ನಮಸ್ತೆ ಮೇಡಂ, ಏನಾಗ್ಬೇಕಿತ್ತು?’

‘ಏನೂ ಆಗ್ಬೇಕಿಲ್ಲ ಕಣಮ್ಮ. ಮೊದ್ಲು ಕೂರಿಸ್ತೀಯೋ ಇಲ್ವೋ?’

‘ಅತ್ತೆ, ಪರೀಕ್ಷೇಲಿ ಎರಡೇ ನಿಮಿಷ ಇರೋದು. ಬಂದ ಕೆಲ್ಸ ಹೇಳಿ.’

‘ಎರಡು ನಿಮಿಷಕ್ಕೆ ಹೊರಗಟ್ಟೋ ಕಡೆ ನಾನ್ಯಾಕೆ ಬರ್ಲಿ?’

ಪರೀಕ್ಷೆಗೆ ಒಬ್ಬೊಬ್ಬರೂ ಆಫೀಸಿಗೆ ಬಂದವರ ಹಾಗೆ ಆಡಲು ಮನೆಯಿಂದ ಒಬ್ಬರನ್ನು ಕರೆತರಬೇಕಂತೆ, ಅವರು ಬಂದ ಕೆಲಸ ಕೇಳಿ ರಿಜಿಸ್ಟರಿನಲ್ಲಿ ಬರೆಯಬೇಕಂತೆ. ಮಗ ಬೆಳಿಗ್ಗೆಯೇ ಲಾರಿ ಹತ್ತಿದ್ದ. ನಾನೇ ಹೋದೆ. ‘ಟೊಮ್ಯಾಟೊ ಇಡೋಕೆ ಜಾಗ ಬೇಕು, ಅಷ್ಟೇ ಹೇಳಿ’ ಅಂತ ಬಸ್ಸಿನುದ್ದಕ್ಕೂ ಬಾಯಿಪಾಠ ಮಾಡಿಸಿದಳು.

ಅಲ್ಲಿ ಕುರ್ಚಿ ಕಂಡದ್ದೇ ಮಂಡಿ ನೆನಪಾಯಿತು. ಕೂತೆ. ಮಂಡಿಯ ಮಾತಿನಿಂದ ಮಂಚೇನಹಳ್ಳಿಯ ತಂಗಿಗೆ ಹೋದೆ, ತಂಗಿಯಿಂದ ಅವಳ ಒದೆಯುವ ಹಸುವಿಗೆ. ಶೋಭಾ ಪೆನ್ನು ಹಿಡಿದು ಗಡಿಯಾರ ನೋಡುತ್ತಿದ್ದಳು. ಪರೀಕ್ಷೆ ಮಾಡುವ ಮೇಡಂ ‘ಟೈಮಾಯ್ತು’ ಅಂದರು. ನಾನು ಎದ್ದೆ. ರಿಜಿಸ್ಟರಿನಲ್ಲಿ ನನ್ನ ಹೆಸರು ಬಿಟ್ಟರೆ ಬೇರೇನೂ ಇರಲಿಲ್ಲ.

ಬೇರೆಯವಳಾಗಿದ್ದರೆ ಅತ್ತುಬಿಡುತ್ತಿದ್ದಳು. ಇವಳು ಒಂದೇ ಮನೆಯಲ್ಲಿ ನನ್ನ ಜೊತೆ ಬಾಳಿದವಳಲ್ಲವೇ? ಪೆನ್ನು, ರಿಜಿಸ್ಟರು ಹಿಡಿದು ಬಾಗಿಲವರೆಗೂ ನನ್ನ ಹಿಂದೆಯೇ ಬಂದಳು. ಚಪ್ಪಲಿಗೆ ಕಾಲು ತೂರಿಸುತ್ತಾ, ‘ಅಂದಂಗೆ ಕಣಮ್ಮ, ಟೊಮ್ಯಾಟೊ ಇಡೋಕೆ ಜಾಗ ಬೇಕಿತ್ತು’ ಅಂದೆ. ನಿಂತಲ್ಲೇ ಬರೆದುಕೊಂಡಳು.

‘ಟೈಮು ಮೀರಿದೆ’ ಅಂತ ಮೇಡಂ ಮುಖ ಗಂಟಿಕ್ಕಿದರು. ಆಮೇಲೆ, ‘ನಮ್ಮಲ್ಲಿಗೆ ಬರೋರೂ ಹಿಂಗೇ. ಬಾಗ್ಲಲ್ಲೇ ಬಾಯಿ ಬಿಡೋದು’ ಅಂತ ನಕ್ಕು, ಒಂದಷ್ಟು ನಂಬರು ಕಳೆದು ಪಾಸು ಮಾಡಿದರು.

ಈಗ ಅವಳು ಎಂಟು ಗಂಟೆಗೆ ಇಸ್ತ್ರಿ ಸೀರೆ ಉಟ್ಟು ಹೊರಟುಬಿಡುತ್ತಾಳೆ. ಫಿಲೇಚರಿನಲ್ಲಿದ್ದಾಗ ಮಧ್ಯಾಹ್ನ ಓಡಿಬಂದು ಮುದ್ದೆ ತಿರುವಿ ಹೋಗುತ್ತಿದ್ದಳು. ಗೋದಾಮು ದೂರ. ಹಾಗಾಗಿ ಈ ವಯಸ್ಸಿನಲ್ಲಿ ಒಲೆ ಮುಂದೆ ಮುದ್ದೆಕೋಲು ಹಿಡಿದು ನಿಂತಿರುವವಳು ನಾನು. ರೇಗೋಣವೆಂದರೆ, ಬಸ್ಸು ಹತ್ತಿ ಹೋಗಿ ಅವಳನ್ನು ಪಾಸು ಮಾಡಿಸಿಕೊಂಡು ಬಂದವಳೂ ನಾನೇ.