ವಾಷಿಂಗಿಗೆ ಹೋಗದ ಪ್ಯಾಂಟು

ಜೀನ್ಸ್ ಮಾರುವ ಅಂಗಡಿಯ ಮುಂದೆ ಪಂಚೆಯುಟ್ಟವನು ಕೂತರೆ, ಮಿಠಾಯಿ ಅಂಗಡಿಯ ಗಲ್ಲಾದಲ್ಲಿ ಸಕ್ಕರೆ ಕಾಯಿಲೆಯವನು ಕೂತಂತೆ ಎಂದು ಅಕ್ಷತಾ ಹೇಳಿದ್ದೇ ಎಲ್ಲಕ್ಕೂ ಮೂಲ.

ಬಳ್ಳಾರಿಯ ಆ ಅಂಗಡಿಯನ್ನು ಬೆಳೆಸಿದವನು ಅವಳ ಅಪ್ಪ ದೊಡ್ಡಬಸವರಾಜ. ಮೊಣಕಾಲು ನೋವಿನಿಂದ ಆತ ಮನೆ ಹಿಡಿದ ಮೇಲೆ ಮಗಳೇ ಯಜಮಾನಿ. ಮುಂದಿನ ಬಿಳಿ ಗಾದಿಯ ಮೇಲೆ ಕೂತು ಗಿರಾಕಿಗಳನ್ನು ಮಾತಾಡಿಸುವ ಕೆಲಸ ಕೊಟ್ಟೂರಪ್ಪನದು. ಅವಳು ಫ್ರಾಕು ಹಾಕುತ್ತಿದ್ದ ಕಾಲದಿಂದಲೂ.

"ಕಾಕಾ, ಸೋಮವಾರ ಸಿರುಗುಪ್ಪದಿಂದ ಹೊಸಾ ದೊಡ್ಡ ಗಿರಾಕಿ ಬರ್ತಾರ. ಜೀನ್ಸ್ ಹಾಕ್ಕೊಂಡು ಬರ್ರಿ. ಆಗಂಗಿಲ್ಲ ಅಂದ್ರ ಹಿಂದ ಗೋದಾಮಿನಾಗ ಕುಂದರ್ರಿ, ನಾ ಏನೂ ಅನ್ನಂಗಿಲ್ಲ."

ಗೋದಾಮಿಗೆ ತಗಡಿನ ಮಾಡು, ಕಿಟಕಿಯಿಲ್ಲ. ಬೇಸಿಗೆಯಲ್ಲಿ ಅಲ್ಲಿ ಕೂತವನು ಹಂಚಿನ ಮೇಲಿನ ರೊಟ್ಟಿ. ಆದರೆ ಕೊಟ್ಟೂರಪ್ಪನ ಸಂಕಟ ಸೆಕೆಯದಲ್ಲ. ಗಾದಿಯ ಮೇಲಿದ್ದರೆ ಬೀದಿಯಲ್ಲಿ ಹೋಗುವವರೆಲ್ಲ "ಶರಣ್ರಿ" ಎನ್ನುತ್ತಾರೆ. ಗೋದಾಮಿನಲ್ಲಿ ಹಾಗೆನ್ನಲು ಇಲಿಗಳಿಗೂ ಪುರುಸೊತ್ತಿಲ್ಲ.

ಶನಿವಾರ ಅವನು ಪ್ಯಾಂಟು ಆರಿಸಲು ಹೋದ. ಕಪಾಟಿನಲ್ಲಿದ್ದವೆಲ್ಲ ತೊಡೆಯ ಮೇಲೆ ಬೆಳ್ಳಗಾಗಿ, ಮೊಣಕಾಲಲ್ಲಿ ಮಾಸಿದ್ದವು. ಯಾರೋ ಹಾಕಿ ಬಿಟ್ಟಂತಿದ್ದ ಬಟ್ಟೆಯಲ್ಲಿ ಮರ್ಯಾದಸ್ಥನಾದವನು ಕೆಲಸಕ್ಕೆ ಹೋಗುವುದುಂಟೆ? ಹಿಂದಿನ ಗಂಟೊಂದರಲ್ಲಿ ಮಾತ್ರ ಅಚ್ಚ ನೀಲಿಯ, ಗರಿಗರಿಯಾದ, ಒಂದು ಕಲೆಯೂ ಇಲ್ಲದ ಪ್ಯಾಂಟುಗಳಿದ್ದವು. ಅದರಲ್ಲೊಂದನ್ನು ಎತ್ತಿಕೊಂಡ. ಅವು ಹೊಲಿಗೆ ಮುಗಿದು ಇನ್ನೂ ವಾಷಿಂಗಿಗೆ ಹೋಗಬೇಕಾದವು. ನೀರು ಕಾಣದ ಜೀನ್ಸ್ ಬಣ್ಣ ಬಿಡುತ್ತದೆಂಬುದು ಇಡೀ ಅಂಗಡಿಯಲ್ಲಿ ಗೊತ್ತಿಲ್ಲದವನು ಬರೀ ಮಾತಿನ ಮೇಲೆ ಬದುಕಿದ ಕೊಟ್ಟೂರಪ್ಪ ಒಬ್ಬನೇ.

ಸೋಮವಾರ ಬೆಳಿಗ್ಗೆ ಪಾರ್ವತಿನಗರದ ಮನೆಯಲ್ಲಿ ಪ್ಯಾಂಟು ಹಲಗೆಯಂತೆ ಗೋಡೆಗೆ ಒರಗಿತ್ತು. ಕಾಲು ತೂರಿಸಿದ ಮೇಲೆ ಕೊಟ್ಟೂರಪ್ಪನೂ ಹಲಗೆಯಾದ.

"ಬಗ್ಗಾಕ ಬರವಲ್ದು, ಸುವರ್ಣಾ."

"ಬಗ್ಗೂದ್ಯಾಕ್ರಿ? ಮೂವತ್ತು ವರ್ಷ ಎಲ್ಲಾರಿಗೂ ಬಗ್ಗಿದ್ದು ಸಾಕು," ಎಂದ ಹೆಂಡತಿ ಸುವರ್ಣಮ್ಮ ಸೆರಗನ್ನು ಬಾಯಿಗೆ ಅಡ್ಡ ಹಿಡಿದಳು.

ಅಷ್ಟರಲ್ಲಿ ಪಕ್ಕದ ಮನೆಯ ಹುಲುಗಪ್ಪ ಬಂದ. ರಿಟೈರಾದ ಮೇಲೆ ಅವನ ಡ್ಯೂಟಿ ಓಣಿಯ ಮನೆಗಳಲ್ಲೇ. ಇಸ್ತ್ರಿ ಮಾಡಿದ ಪಂಚೆ, ಹೆಗಲ ಮೇಲೆ ಶಲ್ಯ.

"ಒಬ್ಬನ ಹೋಗಬ್ಯಾಡ, ಅಣ್ಣಾ. ಬಿದ್ದಿ ಅಂದ್ರ ಏಳಾಕ ಬರಂಗಿಲ್ಲ. ನಾ ಬರ್ತೀನಿ."

"ನಿನಗ್ಯಾಕ ತ್ರಾಸ, ಹುಲುಗಪ್ಪಾ?"

"ತ್ರಾಸ ಏನು ಬಂತು. ಮನ್ಯಾಗ ಟಿವಿ ಕೆಟ್ಟೈತಿ."

ಆಟೋದಲ್ಲಿ ಕೊಟ್ಟೂರಪ್ಪನನ್ನು ಏಣಿಯಂತೆ ಓರೆಯಾಗಿ ಇಡಬೇಕಾಯಿತು. ಹೊರಗೆ ಚಾಚಿದ ಕಾಲು ಕಂಡು ಹಿಂದಿನ ಬೈಕಿನವನು, ಆಟೋ ಎಡಕ್ಕೆ ತಿರುಗುತ್ತದೆಂದು ತಿಳಿದು ನಿಂತೇಬಿಟ್ಟ. ಬಿಸಿಲೇರಿತು, ಬೆವರು ಇಳಿಯಿತು. ಕೊಟ್ಟೂರಪ್ಪ ಅಂಗೈಯನ್ನು ತೊಡೆಗೆ ಒರೆಸಿಕೊಂಡ, ಅದೇ ಕೈಯಿಂದ ಹಣೆ ಒರೆಸಿಕೊಂಡ. ವಿಭೂತಿ ನೀಲಿಯಾಯಿತು. ಹುಲುಗಪ್ಪ ಅದನ್ನು ನೋಡಿದ. ಮೊದಲೇ ಹೆದರಿದವನಿಗೆ ಯಾಕೆ ಹೇಳುವುದೆಂದು ಸುಮ್ಮನಾದ.

ಅಂಗಡಿಯಲ್ಲಿ ಅಕ್ಷತಾ ಫೋನಿನಲ್ಲಿದ್ದಳು. "ನಮ್ಮ ಓಣಿಯ ಹುಲುಗಪ್ಪ, ಜೊತಿಗೆ ಬಂದಾನ," ಎಂದು ಕೊಟ್ಟೂರಪ್ಪ ಗಾದಿ ಹತ್ತಿದ. ಚಕ್ಕಳಮಕ್ಕಳ ಹಾಕಲು ಹೋಗಿ, ಮೂಟೆಯಂತೆ ಕುಸಿದು, ಒರಗುವ ಲೋಡುದಿಂಬಿನ ತನಕ ಜಾರಿದ. ಹುಲುಗಪ್ಪ ಬಾಗಿಲಲ್ಲೇ ನಿಂತು ನೋಡುತ್ತಿದ್ದ.

ಆಗಲೇ ಗಿರಾಕಿ ಎರ್ರೆಪ್ಪ ಒಳಗೆ ಬಂದ. ಸಿರುಗುಪ್ಪ, ಕುರುಗೋಡು ಎರಡೂ ಕಡೆ ಅಂಗಡಿ ಇಟ್ಟ ಹಿರಿಯ. ಕೊಟ್ಟೂರಪ್ಪ ಲೋಡು ಹಿಡಿದು ಎದ್ದು ಕೈಮುಗಿದ. ಎರಡೂ ಕೈ ನೀಲಿ, ಲೋಡು ನೀಲಿ. ಗಾದಿಯ ಮೇಲೆ ಅವನು ಕೂತಿದ್ದ ಜಾಗದಲ್ಲಿ ಜೋಡಿ ಕುಂಬಳಕಾಯಿಯಷ್ಟು ಗುರುತು.

"ಏಮ್ಮಾ," ಎಂದ ಎರ್ರೆಪ್ಪ, "ಇದು ನಿಮ್ಮ ಮಾಲೇನು?"

ಅಕ್ಷತಾ ರೆಪ್ಪೆ ಬಡಿಯಲಿಲ್ಲ. "ನಮ್ಮದಲ್ರಿ. ಇವರು ಬ್ಯಾರೆ ಅಂಗಡಿಯವರು. ಅವರ ಮಾಲು ಹಿಂಗ್ ಆಗೈತಿ ಅಂತ ತೋರಸಾಕ ಬಂದಾರ. ಹೌದಲ್ರಿ?"

ಕೊಟ್ಟೂರಪ್ಪ ಗಾದಿಯ ಕಡೆ ನೋಡಿದ, ಅವಳ ಕಣ್ಣಿನ ಕಡೆ ನೋಡಿದ. ವ್ಯಾಪಾರ ಕೆಟ್ಟರೆ ಗಾದಿಯೂ ಹೋದಂತೆಯೇ.

"ಹೌದ್ರಿ," ಎಂದ. "ಭಾಳ ಕೆಟ್ಟ ಮಾಲ್ರಿ ನಮ್ಮದು."

ಎರ್ರೆಪ್ಪ ಕೂರಲಿಲ್ಲ. "ಮಾಲು ಹೆಂಗಾರ ಇರಲಿ. ಪಂಚಿ ಉಟ್ಟ ಒಬ್ಬ ಹಿರೇರು ಇಲ್ಲದ ಅಂಗಡ್ಯಾಗ ನಾ ಯವ್ವಾರ ಮಾಡಂಗಿಲ್ಲಮ್ಮಾ. ಜೀನ್ಸ್ ನಾನೂ ಮಾರ್ತೀನಿ, ಖರೆ. ಹಾಕ್ಕೊಂಡವ್ರನ್ನ ನಂಬಂಗಿಲ್ಲ."

ಕೊಟ್ಟೂರಪ್ಪನ ಎದೆ ಹಿಗ್ಗಿತು. ನಾನೇ ಆ ಹಿರಿಯ ಎನ್ನಲು ಬಾಯಿ ತೆರೆದ. ತಾನು ಈಗಷ್ಟೇ ಬೇರೆ ಅಂಗಡಿಯವನಾದದ್ದು ನೆನಪಾಗಿ ಮುಚ್ಚಿದ.

ಅಕ್ಷತಾಳ ಕಣ್ಣು ಅಂಗಡಿಯನ್ನೆಲ್ಲ ಸುತ್ತಿ ಬಾಗಿಲಿಗೆ ಬಂದು ನಿಂತಿತು.

"ಅಲ್ಲೇ ಅದಾರಲ್ರಿ ನಮ್ಮ ಹಿರೇರು. ಹುಲುಗಪ್ಪ ಕಾಕಾ, ಹೊರಗ್ಯಾಕ ನಿಂತೀರಿ? ಬರ್ರಿ."

ಕರೆದರೆ ಇಲ್ಲವೆನ್ನುವ ಅಭ್ಯಾಸ ಹುಲುಗಪ್ಪನಿಗಿರಲಿಲ್ಲ. ಬಂದ, ಗಾದಿಯ ಹಾಸನ್ನು ಮಗುಚಿದ, ಶಲ್ಯ ಸರಿಮಾಡಿಕೊಂಡು ಚಕ್ಕಳಮಕ್ಕಳ ಹಾಕಿದ. "ಕುಂದರ್ರಿ ಯಜಮಾನ್ರೆ. ಚಾ ಮೊದ್ಲೋ, ಮಾಲು ಮೊದ್ಲೋ?"

ವ್ಯಾಪಾರ ಕುದುರಿತು. ಹೊರಡುವಾಗ ಎರ್ರೆಪ್ಪ ಹೇಳಿದ, "ಪ್ರತಿ ತಿಂಗಳಾ ಬರ್ತೀನಮ್ಮಾ. ಬಂದಾಗ ಈ ಹಿರೇರು ಇಲ್ಲೇ ಇರಬೇಕು ನೋಡು." ಕೊಟ್ಟೂರಪ್ಪನ ಭುಜ ತಟ್ಟಿ, "ನೀವು ಆ ಅಂಗಡಿ ಬಿಟ್ಟುಬಿಡ್ರಿ ಪಾ," ಎಂದ.

ಅವನ ಕಾರು ಕಣ್ಮರೆಯಾದ ಮೇಲೆ ಕೊಟ್ಟೂರಪ್ಪ ಮೆಲ್ಲಗೆ ಹೇಳಿದ, "ತಾಯೀ, ನಾಳಿಂದ ನಾ ಪಂಚೀನ ಉಟ್ಕೊಂಡು ಬರ್ತೀನಿ."

"ಉಟ್ಕೊಳ್ರಿ ಕಾಕಾ," ಎಂದಳು ಅಕ್ಷತಾ ಅಕ್ಕರೆಯಿಂದ. "ಗೋದಾಮಿನಾಗ ಏನು ಉಟ್ರೂ ನಡೀತೈತಿ."